ನಮ್ಮ ಮುಂದೆ ಆಡುತ್ತಿದ್ದವನು

1988ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ ನಾನು ಓದು ಬಿಟ್ಟೆ. ಬಿಡಿಸಿದರು ಎಂದು ಯಾರ ತಲೆಗೂ ಕಟ್ಟುವುದಿಲ್ಲ, ನಾನೇ ಬಿಟ್ಟದ್ದು. ಕೂತು ಬರೆಯುವುದಕ್ಕಿಂತ ಬಗ್ಗಿ ಮಾಡುವ ಕೆಲಸ ನನಗೆ ಬೇಗ ಒಲಿಯಿತು. ಉಡುಪಿಯಲ್ಲಿ ಮೊಸಾಯಿಕ್ ನೆಲ ಹಾಕುವ ಮೇಸ್ತ್ರಿಯ ಹತ್ತಿರ ಸಿಮೆಂಟು ಕಲಸಲು ಸೇರಿದೆ, ಆಮೇಲೆ ಬೆಂಗಳೂರಿನಲ್ಲಿ ಟೈಲ್ಸ್ ಕಲಿತೆ, ಆಮೇಲೆ ಮಸ್ಕತ್ತು. ಈಗ ಮೆಲ್ಬರ್ನಿನಲ್ಲಿ ನನ್ನದೇ ವ್ಯಾನು ಓಡುತ್ತದೆ. ನಾನು ಹಾಕಿದ ಯಾವ ನೆಲದ ಮೇಲಾದರೂ ಗೋಲಿ ಇಟ್ಟು ನೋಡಿ, ಉರುಳಿದರೆ ಕೇಳಿ.

ನನ್ನ ಹೆಂಡತಿಯ ಮನೆಯವರೆಲ್ಲ ಓದಿದವರು. ಸಂಬಂಧ ಬಂದಾಗ ಅಲ್ಲಿ ಒಪ್ಪಿದವರು ಒಬ್ಬರೇ, ಅವಳ ಅಣ್ಣ, ಅಂದರೆ ನನ್ನ ಭಾವ. ಅವರು ಆಗಲೇ ಸಿಡ್ನಿಯಲ್ಲಿ ಎಂಜಿನಿಯರು. ರಜೆಯಲ್ಲಿ ಬಂದಿದ್ದಾಗ ನಾನು ಕೆಲಸ ಮಾಡುತ್ತಿದ್ದ ಮನೆಗೆ ಹೇಳದೆ ಕೇಳದೆ ಬಂದು, ಚಪ್ಪಲಿ ಬಿಟ್ಟು, ಆ ನೆಲದ ಮೇಲೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಮನೆಗೆ ಹೋಗಿ ಹುಡುಗ ಆಗಬಹುದು ಎಂದರಂತೆ. ಮುಂದೆ ಟೈಲ್ಸ್ ಕೆಲಸದ ಮೇಲೆಯೇ ನನಗೆ ವೀಸಾ ಸಿಕ್ಕಿ ನಾವಿಬ್ಬರೂ ಸಿಡ್ನಿಗೆ ಇಳಿದಾಗ, ಚಾಟ್ಸ್‌ವುಡ್‌ನ ಅವರ ಫ್ಲ್ಯಾಟಿನ ಸಣ್ಣ ಕೋಣೆಯಲ್ಲೇ ಇದ್ದೆವು. ಭಾವನ ಹೆಂಡತಿ, ನಮ್ಮ ಅತ್ತಿಗೆ, ದಿನಾ ಬೆಳಿಗ್ಗೆ ನನ್ನ ಕೆಲಸದ ಬೂಟುಗಳನ್ನು ಪೇಪರಿನ ಮೇಲೆ ಇಡುತ್ತಿದ್ದರು. ಅವರು ತೀರಿಹೋಗಿ ಈಗ ಕೆಲವು ವರ್ಷಗಳಾದವು. ಮಕ್ಕಳಿಲ್ಲ. ಭಾವ ಆ ಫ್ಲ್ಯಾಟಿನಲ್ಲಿ ಒಬ್ಬರೇ.

ಈಗ ಆ ಗಾಲ್ಫ್ ಮೈದಾನದ ವಿಷಯ ಹೇಳಬೇಕು. ಮೆಲ್ಬರ್ನ್ ದಾಟಿ ಪಶ್ಚಿಮಕ್ಕೆ ಹೋಗಿ, ಹೈವೇ ಬಿಟ್ಟು, ಗೋಧಿ ಹೊಲಗಳ ನಡುವಿನ ಮಣ್ಣು ರಸ್ತೆಯಲ್ಲಿ ಅದು ಸಿಗುತ್ತದೆ. ಆ ಕಡೆಯ ಶಾಲೆಯೊಂದರ ಟಾಯ್ಲೆಟ್ಟಿಗೆ ಟೈಲ್ಸ್ ಹಾಕಲು ಹೋದಾಗ ಕಣ್ಣಿಗೆ ಬಿದ್ದದ್ದು. ನಗರದ ಕ್ಲಬ್ಬುಗಳಲ್ಲಿ ಕಾಲರ್ ಇರುವ ಶರ್ಟು ಬೇಕು, ಮೆಂಬರ್ ಆಗಲು ಯಾರದೋ ಶಿಫಾರಸು ಬೇಕು. ಇಲ್ಲಿ ತಗಡಿನ ಶೆಡ್ಡಿನ ಗೋಡೆಗೆ ಬೆಸೆದ ಕಬ್ಬಿಣದ ಡಬ್ಬ ಉಂಟು, ನಾಲ್ಕು ಕಾಸು ಹಾಕಿ ಆಡುವುದು. ಹಾಕಿದಿರಾ ಎಂದು ನೋಡುವವರಿಲ್ಲ. ಒಂಬತ್ತು ಹೋಲುಗಳು, ಅಂದರೆ ಚೆಂಡು ಬೀಳಿಸುವ ಗುಂಡಿಗಳು. ಹುಲ್ಲು ಕತ್ತರಿಸುವ ಮೆಷಿನ್ನೇ ಇಲ್ಲ, ಪಕ್ಕದ ರೈತನ ಕುರಿಗಳು ಮೇಯುತ್ತವೆ. ಚೆಂಡು ಹಿಕ್ಕೆಯ ಮೇಲೆ ಬಿದ್ದರೆ ಎತ್ತಿ ಪಕ್ಕದಲ್ಲಿಡಬಹುದು, ಅದು ಅಲ್ಲಿನ ಕಾನೂನು.

ಹೋಲಿನ ಸುತ್ತ ಗ್ರೀನು ಎಂದು ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದಲ್ಲ, ಅದೂ ಅಲ್ಲಿಲ್ಲ. ಎಣ್ಣೆ ಬೆರೆಸಿದ ಕಪ್ಪು ಮರಳಿನ ಒಂದು ವೃತ್ತ, ಅದೇ ಅಲ್ಲಿನ ಗ್ರೀನು. ಪ್ರತಿಯೊಂದರ ಪಕ್ಕದಲ್ಲೂ ಉದ್ದ ಹಿಡಿಯ ತುದಿಗೆ ಅಡ್ಡಪಟ್ಟಿ ಬೆಸೆದ ಕಬ್ಬಿಣದ ಎಳೆಗೋಲು ಬಿದ್ದಿರುತ್ತದೆ. ಚೆಂಡಿನಿಂದ ಹೋಲಿನವರೆಗೆ ಮರಳನ್ನು ಅದರಿಂದ ಎಳೆದು ದಾರಿ ಮಾಡಿಕೊಳ್ಳಬೇಕು. ಚೆಂಡು ಹೋಲಿಗೆ ಬಿದ್ದ ಮೇಲೆ, ನಡುವಿನಿಂದ ಸುತ್ತು ಸುತ್ತಾಗಿ ಎಳೆಯುತ್ತಾ ಹೊರಗೆ ಬರಬೇಕು. ಆಗ ನಿಮ್ಮ ಹೆಜ್ಜೆ ಒಂದೂ ಉಳಿಯುವುದಿಲ್ಲ. ಮುಂದೆ ಬರುವವನಿಗೆ ಯಾರೂ ಬಂದೇ ಇರಲಿಲ್ಲ ಎನ್ನುವಂಥ ನೆಲ ಸಿಗಬೇಕು, ಅದು ಅಲ್ಲಿನ ಮರ್ಯಾದೆ. ಈಗತಾನೆ ಎಳೆದ ಮರಳು ಕಪ್ಪಗಿರುತ್ತದೆ. ಬೆಳಗಿನ ಇಬ್ಬನಿ ಕೂತ ಹಳೆಯ ಮರಳು ಬೂದಿಯ ಹಾಗೆ. ನೆಲದ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಆಟ ಯಾವುದು? ನಾನು ಅಲ್ಲಿಗೆ ಒಬ್ಬನೇ ಹೋಗುತ್ತಿದ್ದೆ. ಒಬ್ಬರೂ ಸಿಗದ ದಿನಗಳೇ ಹೆಚ್ಚು. ಆದರೆ ಅಲ್ಲಿ ಒಬ್ಬನೇ ಇದ್ದೇನೆ ಎಂದು ನನಗೆ ಪೂರ್ತಿಯಾಗಿ ಅನ್ನಿಸಿದ ದಿನ ಇಲ್ಲ. ಕುರಿಗಳಿಂದಾಗಿ ಇರಬೇಕು ಎಂದುಕೊಳ್ಳುತ್ತಿದ್ದೆ. ಬಗ್ಗಿ ಚೆಂಡು ಎತ್ತಿಕೊಂಡು ತಲೆ ಎತ್ತಿದರೆ ಎಲ್ಲವೂ ಮೇಯುವುದು ಬಿಟ್ಟು ನೋಡುತ್ತಿರುತ್ತವೆ, ನನ್ನನ್ನಲ್ಲ, ನನ್ನ ಹಿಂದೆ.

ಭಾವನ ಸುದ್ದಿ ಕೆಡತೊಡಗಿದ್ದು ಹೋದ ವರ್ಷ. ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೆ ಒಂದು ಬೆಳಿಗ್ಗೆ ಟೈ ಕಟ್ಟಿಕೊಂಡು ಹಳೆಯ ಆಫೀಸಿಗೆ ಹೋಗಿ ಲಿಫ್ಟಿನ ಮುಂದೆ ನಿಂತಿದ್ದರಂತೆ. ಯಾರೋ ಗುರುತಿನವರು ಮಾತಾಡಿಸಿ ಮನೆಗೆ ಬಿಟ್ಟರು. ಕಾಫಿ ಕುಡಿಯಲು ಹೋಗಿದ್ದೆ, ಅದರಲ್ಲೇನು ಎಂದು ಭಾವ ಫೋನಿನಲ್ಲಿ ನಕ್ಕರು. ಇನ್ನೊಮ್ಮೆ ಬಚ್ಚಲಿನ ನಲ್ಲಿ ಬಿಟ್ಟು ಮಲಗಿ ಕೆಳಗಿನ ಮನೆಯ ಸೀಲಿಂಗಿಗೆ ನೀರಿಳಿಯಿತು. ನನ್ನ ಹೆಂಡತಿ ನಿದ್ದೆಗೆಟ್ಟಳು. ಫ್ಲ್ಯಾಟು ಮಾರಿ ಅಣ್ಣನನ್ನು ಮೆಲ್ಬರ್ನಿನ ಕ್ಲೈಡ್ ನಾರ್ತ್‌ನ ನಮ್ಮ ಮನೆಯ ಹಿಂದುಗಡೆಯ ರೂಮಿಗೆ ಕರೆತರುವುದು, ಅದೂ ಆಗದಿದ್ದರೆ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗಕ್ಕೆ ಹೆಸರು ಬರೆಸುವುದು ಎಂದು ಅವಳ ಯೋಚನೆ. ಆದರೆ ಒಂದೇ ಸಲ ಮನಸ್ಸು ಗಟ್ಟಿ ಮಾಡಲಾರಳು. ಚಳಿಗಾಲದಲ್ಲಿ ಅವರನ್ನು ಒಂದು ವಾರಕ್ಕೆಂದು ಮೆಲ್ಬರ್ನಿಗೆ ಕರೆಸಿಕೊಂಡಳು.

“ನನ್ನೆದುರು ಅಣ್ಣ ನಾಟಕ ಮಾಡ್ತಾನೆ,” ಎಂದಳು. “ಒಂದು ದಿನ ಪೂರ್ತಿ ನೀವು ಒಬ್ಬರೇ ಅವನ ಜೊತೆ ಇರಿ. ಒಬ್ಬನೇ ಇರಬಹುದಾ, ಇಲ್ವಾ, ನೋಡಿ ಬಂದು ಹೇಳಿ. ನೀವು ಹೇಳಿದ ಹಾಗೆ ಮಾಡೋಣ.”

ಅಷ್ಟು ದೊಡ್ಡ ತೀರ್ಮಾನ ನನ್ನ ಬಾಯಿಗೆ ಬಿಟ್ಟಳಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಂಡು ಭಾವನನ್ನು ವ್ಯಾನಿನಲ್ಲಿ ಕೂರಿಸಿ ಆ ಮೈದಾನಕ್ಕೆ ಹೊರಟೆ.

ತಲುಪುವಾಗ ಮಂಜು ಬಿದ್ದಿತ್ತು. ಶೆಡ್ಡಿನ ಮುಂದೆ ನಮ್ಮ ವ್ಯಾನು ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ, ಇಬ್ಬರದನ್ನೂ ವ್ಯಾನಿನಲ್ಲೇ ಬಿಟ್ಟೆವು. ಭಾವ ಆಡುವವರಲ್ಲ, ಕೈ ಹಿಂದೆ ಕಟ್ಟಿಕೊಂಡು ನನ್ನ ಜೊತೆ ನಡೆದರು. ಮೊದಲನೇ ಹೋಲು ಮುಗಿಸಿದೆ. ನಾನು ಮರಳು ಎಳೆಯುವುದನ್ನು ಅವರು ಗಮನವಿಟ್ಟು ನೋಡಿದರು, ಹಿಂದೆ ಆ ಮನೆಯ ನೆಲ ನೋಡಿದ ಹಾಗೆಯೇ. ಎರಡನೆಯದಕ್ಕೆ ಚೆಂಡು ಇಟ್ಟು ಕ್ಲಬ್ಬು ಎತ್ತಿದೆ. ಭಾವ ನನ್ನ ತೋಳು ಹಿಡಿದರು.

“ಸ್ವಲ್ಪ ತಡಿ. ಅವರದ್ದು ಮುಗೀಲಿ.”

ನಾನು ನೋಡಿದೆ. ಬಿಳಿ ಮಂಜು, ಅದರೊಳಗೆ ಮಾಸಿದ ಉಣ್ಣೆಯ ಗಂಟುಗಳಂತೆ ಐದಾರು ಕುರಿ. ಬಾವುಟದ ಕೋಲು ಕಂಡೂ ಕಾಣದ ಹಾಗಿತ್ತು.

“ಯಾರದ್ದು ಭಾವ?”

“ಮುಂದೆ ಆಡ್ತಾ ಇದ್ದಾರಲ್ಲ. ಹ್ಯಾಟಿನವರು. ನಿನ್ನ ಹಾಗೇ ಆ ಕೋಲು ಎಳೀತಿದ್ದಾರೆ ನೋಡು.” ಸ್ವಲ್ಪ ಹೊತ್ತು ಬಿಟ್ಟು, “ಹಾಂ, ಹೋದರು. ಈಗ ಹೊಡಿ.”

ಹೊಡೆದೆ. ಕೈ ಸರಿಯಾಗಿ ಓಡಲಿಲ್ಲ. ಒಬ್ಬರೇ ಇರಬಹುದಾ ಇಲ್ಲವಾ ಎನ್ನುವುದಕ್ಕೆ ಉತ್ತರ ಇಷ್ಟು ಬೇಗ, ಎರಡನೇ ಹೋಲಿನಲ್ಲೇ ಸಿಕ್ಕಿಬಿಟ್ಟಿತಲ್ಲ ಎಂದುಕೊಂಡೆ. ಆದರೂ ಇನ್ನೊಂದು ಸಲ ನೋಡೋಣ ಎಂದು ನಡೆಯುತ್ತಾ ನಡೆಯುತ್ತಾ ಮಾತು ತೆಗೆದೆ. ಇವತ್ತು ಯಾವ ವಾರ, ಸಿಡ್ನಿಯಿಂದ ಬಂದದ್ದು ಯಾವಾಗ, ನನ್ನ ಮಗಳು ಏನು ಓದುತ್ತಿದ್ದಾಳೆ ಎಂದು ಸುಮ್ಮನೆ ಕೇಳುವವನಂತೆ ಕೇಳಿದೆ. ಎಲ್ಲಕ್ಕೂ ಸರಿಯಾಗಿ ಹೇಳಿದರು. ಕೊನೆಗೆ ನಿಂತರು.

“ಎಂತ ಮಾರಾಯ, ಪರೀಕ್ಷೆಯಾ? ನೀನು ಪರೀಕ್ಷೆಗೆ ಕೂತವನೇ ಅಲ್ಲ, ಪ್ರಶ್ನೆ ಹಾಕಲಿಕ್ಕೆ ಯಾರು ಕಲಿಸಿದ್ದು?”

ನಾನು ನಗಲು ನೋಡಿದೆ. ಅವರು ನಗಲಿಲ್ಲ.

“ನನ್ನ ಮನೆಯ ಬೀಗದ ಕೈ ಈಗ ನಿನ್ನ ಹತ್ತಿರ ಉಂಟು ಅಂತ ನನಗೆ ಗೊತ್ತು. ನಿಮ್ಮ ಮನೆಯ ಗೋಡೆ ತುಂಬ ತೆಳು, ತಂಗಿ ನಿನಗೆ ಹೇಳಿದ್ದು ನನಗೂ ಕೇಳಿಸಿತು. ನಾನು ಬೇಡ ಅನ್ನುವುದಿಲ್ಲ. ಆದರೆ ಆ ಮನೆಯಲ್ಲಿ ನಿನ್ನ ಅತ್ತಿಗೆಯ ಅಡುಗೆಮನೆ ಹಾಗೇ ಉಂಟು. ಡಬ್ಬಗಳು ಇಟ್ಟಲ್ಲೇ ಇವೆ. ಇನ್ನೊಂದು ಕಡೆ ಹೋದರೆ ನಾನು ಅವುಗಳನ್ನು ಎಲ್ಲಿ ಅಂತ ಇಡಲಿ?”

ಅಷ್ಟು ಹೇಳಿ ಮುಂದೆ ನಡೆದರು. ಮೂರನೇ ಹೋಲಿನಲ್ಲೂ ಅದೇ ಥರ ಕೈ ಅಡ್ಡ ಮಾಡಿ, ಯಾರೋ ದಾಟಿ ಹೋಗುವವರೆಗೆ ನನ್ನನ್ನು ನಿಲ್ಲಿಸಿದರು. ನಾವು ತಲುಪಿದಾಗ ಆ ಗ್ರೀನಿನ ಮರಳು ನುಣ್ಣಗಿತ್ತು. ಬೂದಿಯ ಬಣ್ಣವೋ ಕಪ್ಪೋ, ನಾನು ನೋಡಲಿಲ್ಲ. ನೋಡಬೇಕು ಎಂದು ಆಗ ಹೊಳೆಯಲೇ ಇಲ್ಲ.

ನಾಲ್ಕನೆಯದರಲ್ಲಿ ನಾನು ಹೊಡೆದ ಚೆಂಡು ಬಲಕ್ಕೆ ತಿರುಗಿ ನೀಲಗಿರಿ ಮರಗಳಿರುವ ತಗ್ಗಿನ ಕಡೆ ಹೋಯಿತು. ಅಲ್ಲೊಂದು ಪೈನ್ ಮರ, ಅದರ ಕೆಳಗೆ ಹಲಗೆಯ ಬೆಂಚು. ಮಂಜು ಆಗ ಎದ್ದು ನಿಂತ ಗೋಡೆಯ ಹಾಗೆ ಬರುತ್ತಿತ್ತು. ಇಲ್ಲೇ ಕೂತಿರಿ, ಏಳಬೇಡಿ, ಚೆಂಡು ಹುಡುಕಿ ಬರುತ್ತೇನೆ ಎಂದೆ. ಸಣ್ಣ ಮಕ್ಕಳಿಗೆ ಹೇಳುವ ಧ್ವನಿಯಲ್ಲೇ ಹೇಳಿದೆ.

ತಗ್ಗಿಗಿಳಿದು, ಚೆಂಡು ಸಿಗದೆ, ಮತ್ತೆ ಹತ್ತಿದಾಗ ಬೆಂಚು ಇರಲಿಲ್ಲ. ಪೈನ್ ಮರವೂ ಇರಲಿಲ್ಲ. ವರ್ಷಗಟ್ಟಲೆ ನಡೆದ ಜಾಗ, ಕಣ್ಣು ಮುಚ್ಚಿಯೂ ಹೋಗಬಲ್ಲೆ ಎಂದುಕೊಂಡು ಎಡಕ್ಕೆ ನಡೆದೆ. ಕಾಲ ಕೆಳಗೆ ಹುಲ್ಲು ಮುಗಿದು ಮರಳು ಸಿಕ್ಕಿತು. ಒಂದು ಗ್ರೀನು. ಬಾವುಟದ ಮೇಲಿನ ಅಂಕಿ ಐದು. ಮರಳು ಕಪ್ಪಗೆ, ಆಗತಾನೆ ಎಳೆದದ್ದು.

ಭಾವ ಎದ್ದು ಬಂದಿದ್ದಾರೆ, ನಾನು ಮಾಡಿದ್ದನ್ನು ನೋಡಿ ತಾವೂ ಮರಳು ಎಳೆದಿದ್ದಾರೆ ಎಂದುಕೊಂಡೆ. ಹೆಜ್ಜೆ ಹುಡುಕಿದೆ. ಇಲ್ಲ. ಇರುವುದೂ ಇಲ್ಲ, ಹೆಜ್ಜೆ ಅಳಿಸುವುದೇ ಆ ಕೋಲಿನ ಕೆಲಸ. ಎಷ್ಟು ಹೆಮ್ಮೆಯಿಂದ ಬೆಳಿಗ್ಗೆ ಅದನ್ನು ಅವರಿಗೆ ತೋರಿಸಿದ್ದೆ! ಕಳೆದುಹೋದ ಮನುಷ್ಯನೊಬ್ಬನ ಗುರುತನ್ನು ಆ ಮನುಷ್ಯನ ಕೈಯಿಂದಲೇ ಅಳಿಸುವ ಮರ್ಯಾದೆ ಅದು ಎಂದು ಆಗ ಗೊತ್ತಾಯಿತು. ಆರನೆಯದರ ಕಡೆ ಓಡುವ ಹಾಗೆ ನಡೆದೆ. ಅದರ ಹಿಂದೆ ಕುರಿಗಳಿಗೆ ನೀರು ಕುಡಿಯಲು ತೋಡಿದ ಹೊಂಡ ಉಂಟು, ಬೇಲಿ ಇಲ್ಲದ್ದು.

ಆರನೆಯದೂ ಕಪ್ಪಗಿತ್ತು. ಎಳೆಗೋಲು ಹುಲ್ಲಿನ ಮೇಲೆ ಮಲಗಿತ್ತು. ಕಬ್ಬಿಣದ ಹಿಡಿಯ ತುಂಬ ಇಬ್ಬನಿ, ಸಣ್ಣ ಸಣ್ಣ ಹನಿ. ಎರಡು ಕಡೆ ಮಾತ್ರ ಒರೆಸಿದ ಹಾಗೆ ಒಣಗಿತ್ತು, ಎರಡು ಕೈ ಹಿಡಿಯುವ ಅಂತರದಲ್ಲಿ. ನಾನು ಅಲ್ಲೇ ಕೈ ಇಟ್ಟು ನೋಡಿದೆ. ನನ್ನ ತೋಳಿಗೆ ಆ ಅಂತರ ಹೆಚ್ಚಾಯಿತು. ಭಾವ ನನಗಿಂತ ಗಿಡ್ಡ.

ಹೊಂಡದ ದಡಕ್ಕೆ ಹೋಗಿ ನೋಡಿದೆ. ನೀರು ಅಲ್ಲಾಡದೆ ಇತ್ತು. ಕೂಗಿದೆ. ನನ್ನ ಧ್ವನಿ ಹತ್ತಿಯೊಳಗೆ ಹೋದ ಹಾಗೆ ಹೋಯಿತು. ಆಗ ಏಳನೆಯದರ ಕಡೆಯಿಂದ ಶಬ್ದ ಬಂತು. ಮರಳಿನ ಮೇಲೆ ಕಬ್ಬಿಣ ಎಳೆಯುವ ಶಬ್ದ. ಅದು ನನ್ನ ಕಸುಬಿನ ಶಬ್ದ, ನಿದ್ದೆಯಲ್ಲೂ ತಪ್ಪು ಕೇಳಿಸುವುದಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ನಡುವಿನಿಂದ ಹೊರಗೆ, ಅವಸರವಿಲ್ಲದೆ.

ಅತ್ತ ಹೋದೆ. ಮಂಜಿನೊಳಗೆ ಒಂದು ಆಕಾರ ಬಗ್ಗಿ ಎಳೆಯುತ್ತಿತ್ತು. ಎತ್ತರದ್ದು. ತಲೆಯ ಮೇಲೆ ಹ್ಯಾಟಿನ ಅಂಚು. ಹಲೋ ಎಂದೆ, ಆಮೇಲೆ ಯಾಕೋ ಭಾವ ಎಂದೂ ಕರೆದೆ. ಅದು ಕೋಲನ್ನು ಮೆಲ್ಲಗೆ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕೆಲಸ ಮುಗಿಸಿದವನಂತೆ ಒಂದು ಕ್ಷಣ ನಿಂತು, ಎಂಟನೆಯದರ ಕಡೆ ನಡೆದುಹೋಯಿತು. ಕುರಿಗಳೆಲ್ಲ ಬಲಕ್ಕೂ ಎಡಕ್ಕೂ ಸರಿದು ದಾರಿ ಬಿಟ್ಟವು. ಆಮೇಲೆ ಮತ್ತೆ ಕೂಡಿಕೊಂಡು, ಎಲ್ಲವೂ ಅತ್ತಲೇ ಮುಖ ಮಾಡಿ ನಿಂತವು. ನಾನು ಕಾಲು ಎತ್ತಿ ಇಡಲಿಲ್ಲ. ಹಿಂದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ, ಆದರೆ ಹೋಗಲಿಲ್ಲ.

ಅಲ್ಲಿ ನಿಂತೇ ಇದ್ದಾಗ ದೂರದಿಂದ ಕೂ ಎಂದಿತು. ಹಕ್ಕಿ ಎಂದುಕೊಂಡೆ. ಮತ್ತೆ ಬಂತು, ಉದ್ದಕ್ಕೆ. ನಮ್ಮೂರಿನಲ್ಲಿ ಗದ್ದೆಯಾಚೆ ಇರುವವರನ್ನು ಊಟಕ್ಕೆ ಕರೆಯುವ ಕೂ ಅದು. ಆಸ್ಟ್ರೇಲಿಯದ ಯಾವ ಹಕ್ಕಿಯೂ ಹಾಗೆ ಕೂಗಲಾರದು. ಆ ಧ್ವನಿ ಹಿಡಿದು, ಅದು ನಿಂತಾಗ ನಿಂತು, ಬಂದಾಗ ನಡೆದು, ಬೇಲಿಯ ತಂತಿಗೆ ಒಮ್ಮೆ ಪ್ಯಾಂಟು ಹರಿದುಕೊಂಡು, ಪೈನ್ ಮರದ ಕೆಳಗೆ ಬಂದೆ.

ಭಾವ ಬೆಂಚಿನ ಮೇಲೆ ಇದ್ದರು. ಎದ್ದೇ ಇರಲಿಲ್ಲ. ಮೊಣಕಾಲಿನ ಮೇಲೆ ಟವಲು ಹರಡಿ ತಂದ ಇಡ್ಲಿಯಲ್ಲಿ ಅರ್ಧ ತಿಂದು ಮುಗಿಸಿದ್ದರು. ಅವರ ಬೂಟಿನಲ್ಲಿ ಮರಳಿನ ಒಂದು ಕಾಳೂ ಇರಲಿಲ್ಲ. ಕಾಲ ಬುಡದಲ್ಲಿ ಒಂದು ಮುದಿ ಕುರಿ ಮಲಗಿ ಮೆಲುಕು ಹಾಕುತ್ತಿತ್ತು.

“ಗಂಟಲು ಹೋಯ್ತು ಕೂ ಹಾಕಿ ಹಾಕಿ,” ಎಂದರು. “ಕೂತಿರಿ ಅಂದದ್ದು ನೀನು. ಕೂತಿದ್ದೇನೆ.”

ನಾನು ಪಕ್ಕದಲ್ಲಿ ಕೂತೆ. ಭಾವ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಒಂದು ಗುಟುಕು ಆದ ಮೇಲೆ ಕೇಳಿದರು.

“ನೋಡಿದೆಯಾ?”

“ನೋಡಿದೆ.”

“ಹ್ಯಾಟು?”

“ಇತ್ತು.”

ಭಾವ ತಲೆದೂಗಿ ಮಂಜಿನ ಕಡೆ ನೋಡುತ್ತಾ ಕೂತರು. “ಹಾಗಾದರೆ ತಂಗಿಗೆ ಎರಡು ರೂಮು ಬೇಕಾಯ್ತು, ನನಗೊಂದು, ನಿನಗೊಂದು,” ಎಂದರು. ಇಬ್ಬರಿಗೂ ನಗು ಬಂತು, ಆದರೆ ಇಬ್ಬರೂ ಧ್ವನಿ ಎತ್ತಿ ನಗಲಿಲ್ಲ.

ಮಂಜು ತೆಳುವಾದ ಮೇಲೆ ಆಟ ಅಲ್ಲಿಗೇ ಬಿಟ್ಟು ಶೆಡ್ಡಿನ ಕಡೆ ನಡೆದೆವು. ನಮ್ಮ ವ್ಯಾನು ಒಂದೇ ಇತ್ತು, ಹತ್ತಿ ಹೊರಟೆವು. ಗೇಟಿನ ಹತ್ತಿರ ಕುರಿಗಳ ಮಾಲೀಕ ಸಣ್ಣ ಬೈಕಿನಲ್ಲಿ ಬಂದು ನಿಂತಿದ್ದ, ನಾಯಿ ಹಿಂದೆ ಕೂತಿತ್ತು. ಕೈ ಎತ್ತಿದ. ಇವತ್ತು ಬೇರೆ ಯಾರು ಆಡುತ್ತಿದ್ದಾರೆ ಎಂದು ಕೇಳಬಹುದಿತ್ತು. ಆಡುತ್ತಿರುವುದು ತನ್ನ ಅಪ್ಪ ಎಂದೋ, ಪಕ್ಕದ ಮನೆಯವನು ನಡೆದು ಬರುತ್ತಾನೆ ಎಂದೋ ಅವನು ಹೇಳಿದ್ದರೆ ಭಾವ ಪಾಸು. ಯಾರೂ ಇಲ್ಲವಲ್ಲ ಎಂದಿದ್ದರೆ? ಗಾಜು ಅರ್ಧ ಇಳಿಸಿದೆ. ಭಾವ ಮುಂದೆ ನೋಡುತ್ತಾ ಕೂತಿದ್ದರು, ಕೇಳು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಗುರುತು ಪರಿಚಯ ಇಲ್ಲದವನ ಒಂದು ಮಾತಿನ ಮೇಲೆ ಅವರ ಮನೆ ನಿಲ್ಲುವುದೂ ಬೀಳುವುದೂ ಬೇಡ ಅನ್ನಿಸಿತು. ಚಳಿ ಜೋರು ಎಂದೆ. ಅವನೂ ಹೌದೆಂದ. ಗಾಜು ಏರಿಸಿದೆ. ದಾರಿಯುದ್ದಕ್ಕೂ ಭಾವ ನಿದ್ದೆ ಮಾಡಿದರು.

ಸಂಜೆ ಹೆಂಡತಿಗೆ ಒಂದೂ ಬಿಡದೆ ಹೇಳಿದೆ. ಭಾವ ಕಂಡದ್ದನ್ನೂ, ನಾನು ಕಂಡದ್ದನ್ನೂ, ಒಣಗಿದ ಹಿಡಿಯನ್ನೂ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಕೇಳಿದಳು. ನಿಮ್ಮನ್ನು ಕಳಿಸಿದ್ದೇ ನನ್ನ ತಪ್ಪು ಎಂದಳು. ಆಮೇಲೆ ಸ್ಟೋವ್ ಆರಿಸಿ ನನ್ನ ಕಡೆ ತಿರುಗಿದಳು.

“ಅದೆಲ್ಲ ಇರಲಿ. ಅಣ್ಣ ಒಬ್ಬನೇ ಇರಬಹುದಾ?”

“ಮಂಜಿನಲ್ಲಿ ದಾರಿ ತಪ್ಪಿದ್ದು ನಾನು,” ಎಂದೆ. “ಹೇಳಿದ ಜಾಗದಲ್ಲಿ ಕೂತು ನನ್ನನ್ನು ಕರೆದು ತಂದದ್ದು ಅವರು. ಇರಬಹುದು. ಈಗ ಇರಬಹುದು.”

ಅವಳು ಹಾಗೆ ಸುಮ್ಮನೆ ಒಪ್ಪುವವಳಲ್ಲ. ಚಾಟ್ಸ್‌ವುಡ್‌ನಲ್ಲೇ ಡಾಕ್ಟರಿಗೆ ತೋರಿಸಬೇಕು ಎಂದಳು. ಸಣ್ಣ ಮರೆವು ಶುರುವಾಗಿದೆ, ನೋಡುತ್ತಿರೋಣ ಎಂದರು ಡಾಕ್ಟರು. ನಾನೇ ಸಿಡ್ನಿಗೆ ಹೋಗಿ ಬಚ್ಚಲಿಗೆ ತಾನಾಗಿ ನಿಲ್ಲುವ ನಲ್ಲಿ ಹಾಕಿಸಿದೆ, ನೆಲದ ಇಳಿಜಾರನ್ನೂ ಸರಿ ಮಾಡಿದೆ. ಬೆಳಿಗ್ಗೆ ಒಮ್ಮೆ ಅವಳು ಫೋನು ಮಾಡುತ್ತಾಳೆ, ತಿಂಗಳಿಗೊಮ್ಮೆ ನಾನು ಹೋಗಿ ಬರುತ್ತೇನೆ. ಅತ್ತಿಗೆಯ ಡಬ್ಬಗಳನ್ನು ನಾನು ಮುಟ್ಟುವುದಿಲ್ಲ. ಹ್ಯಾಟಿನವನ ಮಾತನ್ನು ಭಾವನೂ ನಾನೂ ಮತ್ತೆ ಎತ್ತಿಲ್ಲ. ಮೈದಾನಕ್ಕೆ ಈಗಲೂ ಹೋಗುತ್ತೇನೆ, ಬಿಸಿಲಿರುವ ದಿನ ನೋಡಿ. ಎರಡನೇ ಹೋಲಿನಲ್ಲಿ ಚೆಂಡು ಇಟ್ಟು ಸ್ವಲ್ಪ ಹೊತ್ತು ತಡೆದು ಆಮೇಲೆ ಹೊಡೆಯುವುದು ಅಭ್ಯಾಸವಾಗಿಬಿಟ್ಟಿದೆ.

ಈಗ ನನಗೆ ಇರುವುದು ಇಷ್ಟು: ಕ್ಲೈಡ್ ನಾರ್ತ್‌ನಲ್ಲಿ ಒಂದು ಮನೆ, ಅದರ ಮಾರ್ಟ್‌ಗೇಜ್, ಹಿಂದೆ ಒಂದು ಖಾಲಿ ರೂಮು. ಒಂದು ವ್ಯಾನು, ಕೈಕೆಳಗೆ ಇಬ್ಬರು ಕೆಲಸದವರು. ಎರಡು ಮೊಣಕಾಲು, ಒಂದಕ್ಕೆ ನೋವು. ಒಬ್ಬಳು ಹೆಂಡತಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುವ ಒಬ್ಬಳು ಮಗಳು. ಯಾರೋ ಮಾರಿದ ಹಳೆಯ ಗಾಲ್ಫ್ ಸೆಟ್ಟು ಒಂದು. ಸಿಡ್ನಿಯಲ್ಲಿ ಒಬ್ಬ ಭಾವ, ಅವರದೇ ಮನೆಯಲ್ಲಿ.